ಸರ್ಕಾರಿ ಆಸ್ಪತ್ರೆಯ ಔಷಧ: ಟೆಂಡರಿನಿಂದ ಹಾಸಿಗೆಯವರೆಗೆ

ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ

 

ನಮ್ಮ ಸಮಾವೇಶಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನ, ಹಾಸ್ಟೆಲ್ ಸೌಲಭ್ಯ ಇವುಗಳ ಬಗ್ಗೆ ಮಾತನಾಡುತ್ತೇವೆ. ಅವು ಬೇಕಾದ ಮಾತುಗಳೇ. ಆದರೆ ಇಂದು ನಾನು ಆರಿಸಿಕೊಂಡ ವಿಷಯ ಬೇರೆ. ಸರ್ಕಾರಿ ಆಸ್ಪತ್ರೆಗೆ ಔಷಧ ಎಲ್ಲಿಂದ ಬರುತ್ತದೆ? ಯಾರು ಕೊಳ್ಳುತ್ತಾರೆ? ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರು ನೋಡುತ್ತಾರೆ? ಕೆಟ್ಟದ್ದೆಂದು ತಿಳಿದಾಗ ಅದನ್ನು ತಡೆಯುವವರು ಯಾರು? ಈ ನಾಲ್ಕು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಇದೇಕೆ ಎಂದು ನೀವು ಕೇಳಬಹುದು. ಉತ್ತರ ಮಾತಿನ ಕೊನೆಗೆ ತಾನಾಗಿ ತಿಳಿಯುತ್ತದೆ.

ಬಳ್ಳಾರಿ ಜಿಲ್ಲೆಯಲ್ಲಿ ಈ ಪ್ರಶ್ನೆಗಳನ್ನು ಕೇಳದೆ ಇರಲು ಸಾಧ್ಯವಿಲ್ಲ. 2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳು ನಡೆದವು. ಅವರಲ್ಲಿ 7 ಮಂದಿ ಬಾಣಂತಿಯರ ಆರೋಗ್ಯ ಹಠಾತ್ತನೆ ಕೆಟ್ಟಿತು. ಮೂತ್ರಪಿಂಡ ಕೆಲಸ ನಿಲ್ಲಿಸಿತು, ಒಂದರ ಹಿಂದೆ ಒಂದು ಅಂಗಕ್ಕೆ ತೊಂದರೆಯಾಯಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಅವರಲ್ಲಿ 5 ಮಂದಿ ತೀರಿಕೊಂಡರು. ಬೇರೆ ಬೇರೆ ಜಾತಿ, ಧರ್ಮದ ಮನೆಗಳವರು, ಆದರೆ ಎಲ್ಲರೂ ಸರ್ಕಾರಿ ಆಸ್ಪತ್ರೆಯನ್ನು ನಂಬಿ ಬಂದವರು. ಅವರ ಹೆಸರುಗಳನ್ನು ನಾನಿಲ್ಲಿ ಹೇಳುವುದಿಲ್ಲ. ಅವರ ಮಕ್ಕಳು ಇದೇ ಜಿಲ್ಲೆಯಲ್ಲಿ ಬೆಳೆಯುತ್ತಿದ್ದಾರೆ.

ಸಂಶಯ ಬಿದ್ದದ್ದು ಶಸ್ತ್ರಚಿಕಿತ್ಸೆಯ ಹೊತ್ತಿಗೆ ರಕ್ತನಾಳದ ಮೂಲಕ ಕೊಟ್ಟ ದ್ರಾವಣದ ಮೇಲೆ. ನಮ್ಮ ಕಡೆ ಯಾವ ಬಾಟಲಿ ಹಚ್ಚಿದರೂ 'ಸಲೈನ್ ಹಚ್ಚಿದರು' ಅಥವಾ 'ಗ್ಲೂಕೋಸ್ ಹಚ್ಚಿದರು' ಎನ್ನುವುದು ರೂಢಿ. ಇದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣ. ಶುದ್ಧ ನೀರಿನಲ್ಲಿ ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಲ್ಯಾಕ್ಟೇಟ್ ಇವು ನಿಗದಿತ ಪ್ರಮಾಣದಲ್ಲಿ ಇರುತ್ತವೆ. 19ನೇ ಶತಮಾನದ ಕೊನೆಯಲ್ಲಿ ಸಿಡ್ನಿ ರಿಂಗರ್ ಎಂಬ ಇಂಗ್ಲೆಂಡಿನ ವೈದ್ಯ ಇದರ ಮೂಲರೂಪ ಕಂಡುಹಿಡಿದರು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ರಕ್ತಸ್ರಾವವಾದಾಗ, ವಾಂತಿಭೇದಿಯಲ್ಲಿ ಮೈಯ ನೀರು ಇಂಗಿದಾಗ ಜೀವ ಉಳಿಸುವ ದ್ರಾವಣವಿದು. ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರಿಂಗರ್ ಲ್ಯಾಕ್ಟೇಟ್ ಕೆಟ್ಟ ಔಷಧವಲ್ಲ. ಅದನ್ನು ಸರಿಯಾಗಿ ತಯಾರಿಸದಿದ್ದರೆ ಮಾತ್ರ ಅದು ಕೆಡುಕು. ಈ ಭಾಷಣ ಓದಿದ ಯಾರೂ ಆಸ್ಪತ್ರೆಯಲ್ಲಿ 'ನನಗೆ ಬಾಟಲಿ ಬೇಡ' ಎಂದು ಹಟ ಹಿಡಿಯಬಾರದು.

ಬಳ್ಳಾರಿಗೆ ಬಂದ ಆ ದ್ರಾವಣವನ್ನು ಸರಬರಾಜು ಮಾಡಿದ್ದು ಪಶ್ಚಿಮ ಬಂಗಾಳದ ಪಶ್ಚಿಮ್ ಬಂಗ ಫಾರ್ಮಾಸ್ಯುಟಿಕಲ್ ಎಂಬ ಕಂಪನಿ. ಕೊಂಡದ್ದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಸಾವುಗಳ ಬಳಿಕ ಹೊರಬಂದ ವಿಷಯವೇ ಎಲ್ಲಕ್ಕಿಂತ ಮುಖ್ಯವಾದದ್ದು. ಇದೇ ಕಂಪನಿಯ ದ್ರಾವಣದ 20ಕ್ಕೂ ಹೆಚ್ಚು ಬ್ಯಾಚುಗಳು ಗುಣಮಟ್ಟದ್ದಲ್ಲ ಎಂದು ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯ ವರದಿ ಕೊಟ್ಟಿತ್ತು. ಅದೇ ವರ್ಷ ಒಮ್ಮೆ ಬಳಕೆಗೆ ತಡೆಯೂ ಬಿದ್ದಿತ್ತು. ಕಂಪನಿ ಆಕ್ಷೇಪಿಸಿತು. ಕೇಂದ್ರ ಪ್ರಯೋಗಾಲಯದಿಂದ ರಾಜ್ಯದ ವರದಿಗಿಂತ ಭಿನ್ನವಾದ ವರದಿ ಬಂತು. ತಡೆ ಸಡಿಲವಾಯಿತು. ದ್ರಾವಣ ಮತ್ತೆ ವಾರ್ಡಿಗೆ ಬಂತು. ನವೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ನಡೆಸಿ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿ, ಕಂಪನಿಯ ಮೇಲೆ ಕ್ರಮಕ್ಕೆ ಆದೇಶಿಸಿದರು. ಬಳಿಕ ಕೇಂದ್ರ ಮತ್ತು ರಾಜ್ಯದ ಅಧಿಕಾರಿಗಳ ತಪಾಸಣೆ ನಡೆದು ಆ ಕಾರ್ಖಾನೆಯಲ್ಲಿ ಉತ್ಪಾದನೆ ನಿಲ್ಲಿಸುವ ಆದೇಶವೂ ಆಯಿತು.

ಸಾವಿಗೆ ಇದೊಂದೇ ಕಾರಣ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ, ನಿಮ್ಮದೂ ಅಲ್ಲ. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರ ಮೆಡಿಕಲ್ ಕಾಲೇಜಿನಲ್ಲಿ ಒಬ್ಬ ಬಾಣಂತಿ ತೀರಿಕೊಂಡಾಗ ಅಲ್ಲಿಯೂ ಇದೇ ಕಂಪನಿಯ ದ್ರಾವಣದ ಹೆಸರು ಬಂತು. ಆದರೆ ಅಲ್ಲಿ ವೈದ್ಯರ ನಿರ್ಲಕ್ಷ್ಯದ ಪ್ರಶ್ನೆಯೂ ಎದ್ದು 12 ವೈದ್ಯರು ಅಮಾನತಾದರು. ಆಸ್ಪತ್ರೆಯ ಸಾವಿಗೆ ಹಲವು ಕಾರಣಗಳಿರಬಹುದು. ನಾವು ನೋಡಬೇಕಾದದ್ದು ಬೇರೆ. ಅನುಮಾನ ಮೊದಲೇ ಹುಟ್ಟಿದ್ದರೂ, ಬಾಟಲಿ ಹಾಸಿಗೆಯ ಪಕ್ಕದ ಸ್ಟ್ಯಾಂಡಿಗೆ ಹೇಗೆ ಏರಿತು? ಅದನ್ನು ತಿಳಿಯಲು ಔಷಧದ ದಾರಿಯನ್ನು ಮೊದಲಿನಿಂದ ನೋಡೋಣ.

ಕೊಳ್ಳುವ ಬಗೆ

ಜಗತ್ತಿನಲ್ಲಿ ಸಾವಿರಾರು ಔಷಧಗಳಿವೆ. ಬಡ ದೇಶ ಎಲ್ಲವನ್ನೂ ಕೊಳ್ಳಲಾರದು. ಬಹುಪಾಲು ರೋಗಗಳಿಗೆ ಬೇಕಾಗುವ ಔಷಧಗಳ ಒಂದು ಪಟ್ಟಿ ಮಾಡಿಕೊಂಡು, ಅವು ಸದಾ ಸಿಗುವಂತೆ ನೋಡಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಅಗತ್ಯ ಔಷಧಗಳ ಮೊದಲ ಪಟ್ಟಿ ಹೊರಡಿಸಿತು. ಭಾರತ 1996ರಲ್ಲಿ ತನ್ನ ರಾಷ್ಟ್ರೀಯ ಪಟ್ಟಿ ಮಾಡಿತು. 2022ರ ಪರಿಷ್ಕೃತ ಪಟ್ಟಿಯಲ್ಲಿ 384 ಔಷಧಗಳಿವೆ. ರಾಜ್ಯಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ತಮ್ಮದೇ ಪಟ್ಟಿ ಇಟ್ಟುಕೊಳ್ಳುತ್ತವೆ.

ಕೊಳ್ಳುವ ಕೆಲಸ ಎರಡು ದಾರಿಯಲ್ಲಿ ನಡೆಯುತ್ತದೆ. ಮಕ್ಕಳ ಲಸಿಕೆ, ಕ್ಷಯರೋಗದ ಔಷಧ, ಎಚ್.ಐ.ವಿ. ಔಷಧ ಇಂತಹವು ರಾಷ್ಟ್ರೀಯ ಕಾರ್ಯಕ್ರಮಗಳ ಅಡಿಯಲ್ಲಿ ಕೇಂದ್ರದಿಂದ ಬರುತ್ತವೆ. ಉಳಿದ ಮಾತ್ರೆ, ಇಂಜೆಕ್ಷನ್, ದ್ರಾವಣ, ಹತ್ತಿ, ಸಿರಿಂಜುಗಳನ್ನು ರಾಜ್ಯ ಕೊಳ್ಳುತ್ತದೆ. ಕರ್ನಾಟಕದಲ್ಲಿ ಹಿಂದೆ ಸರ್ಕಾರಿ ವೈದ್ಯಕೀಯ ಮಳಿಗೆ ಈ ಕೆಲಸ ಮಾಡುತ್ತಿತ್ತು. ಆಮೇಲೆ ಡ್ರಗ್ಸ್ ಲಾಜಿಸ್ಟಿಕ್ಸ್ ಅಂಡ್ ವೇರ್‌ಹೌಸಿಂಗ್ ಸೊಸೈಟಿ ಬಂತು. ಅದೇ ಈಗ ವೈದ್ಯಕೀಯ ಸರಬರಾಜು ನಿಗಮವಾಗಿದೆ. ಜಿಲ್ಲೆಗಳಲ್ಲಿ ಅದರ ಉಗ್ರಾಣಗಳಿವೆ.

ನಿಗಮ ಟೆಂಡರ್ ಕರೆಯುತ್ತದೆ. ಇದಕ್ಕೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಕಂಪನಿಗಳು ಎರಡು ಭಾಗದಲ್ಲಿ ಅರ್ಜಿ ಹಾಕಬೇಕು. ಮೊದಲನೆಯದರಲ್ಲಿ ಲೈಸೆನ್ಸು, ಉತ್ತಮ ತಯಾರಿಕೆಯ ಪ್ರಮಾಣಪತ್ರ, ವಹಿವಾಟಿನ ಲೆಕ್ಕ, ಹಿಂದಿನ ಅನುಭವ ಇರುತ್ತವೆ. ಎರಡನೆಯದರಲ್ಲಿ ಬೆಲೆ. ಮೊದಲನೆಯದರಲ್ಲಿ ಪಾಸಾದವರ ಬೆಲೆಯನ್ನು ಮಾತ್ರ ತೆರೆದು ನೋಡುತ್ತಾರೆ. ಅವರಲ್ಲಿ ಯಾರ ಬೆಲೆ ಕಡಿಮೆಯೋ ಅವರಿಗೆ ಆರ್ಡರ್.

ಈ ಪದ್ಧತಿಯನ್ನು ಸುಮ್ಮನೆ ಹಳಿಯಬಾರದು. ಇಡೀ ರಾಜ್ಯದ ಆಸ್ಪತ್ರೆಗಳಿಗೆ ಒಟ್ಟಿಗೆ ಕೊಳ್ಳುವಾಗ ಅಂಗಡಿಯ ಬೆಲೆಯ ಸಣ್ಣ ಪಾಲಿಗೆ ಔಷಧ ಸಿಗುತ್ತದೆ. ಪ್ರತಿ ಆಸ್ಪತ್ರೆ ತನ್ನ ಪಾಡಿಗೆ ತಾನು ಕೊಂಡರೆ ಹಣ ಸಾಲದು, ಲಂಚಕ್ಕೂ ಬಾಗಿಲು ತೆರೆದಂತೆ. ತೊಡಕು ಇರುವುದು ಇನ್ನೊಂದು ಕಡೆ. ಅಕ್ಕಿ ಕೊಳ್ಳುವಾಗ ಸಿರುಗುಪ್ಪದ ಯಾವ ಹೆಣ್ಣುಮಗಳೂ ಬೆಲೆ ಮಾತ್ರ ನೋಡುವುದಿಲ್ಲ. ಒಂದು ಹಿಡಿ ಅಕ್ಕಿ ಅಂಗೈಗೆ ಹಾಕಿಕೊಂಡು ನೋಡುತ್ತಾಳೆ, ನುಚ್ಚು ಎಷ್ಟಿದೆ, ಹುಳ ಬಿದ್ದಿದೆಯೋ ಎಂದು ಪರೀಕ್ಷಿಸುತ್ತಾಳೆ. ಔಷಧವನ್ನು ಹಾಗೆ ಅಂಗೈಯಲ್ಲಿ ನೋಡಲಾಗದು. ಒಳ್ಳೆಯ ದ್ರಾವಣವೂ ನೀರಿನಂತೆ ಕಾಣುತ್ತದೆ, ಕೆಟ್ಟ ದ್ರಾವಣವೂ ನೀರಿನಂತೆಯೇ ಕಾಣುತ್ತದೆ. ಕಾಗದದ ಮೇಲೆ ಪಾಸಾದ ಎರಡು ಕಂಪನಿಗಳ ನಡುವೆ ಕಡಿಮೆ ಬೆಲೆಯವನನ್ನು ಆರಿಸಿದ ಮೇಲೆ, ಅವನ ಸರಕು ನಿಜವಾಗಿ ಹೇಗಿದೆ ಎಂದು ತಿಳಿಯಲು ಪ್ರಯೋಗಾಲಯವೊಂದೇ ದಾರಿ. ಅಗ್ಗದ ಬೆಲೆ ಮತ್ತು ಗಟ್ಟಿ ಪರೀಕ್ಷೆ ಎರಡೂ ಜೊತೆಯಾಗಿರಬೇಕು.

ಇದು ಹೊಸ ಪಾಠವಲ್ಲ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಸೇವಿಸಿದ 14 ರೋಗಿಗಳು ಸತ್ತರು. ಆ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ತನಿಖೆ ಮಾಡಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಆಸ್ಪತ್ರೆಯ ಖರೀದಿಯನ್ನೂ ಔಷಧ ಆಡಳಿತವನ್ನೂ ಕಟುವಾಗಿ ಟೀಕಿಸಿತು. ಅದಾಗಿ ಸುಮಾರು 40 ವರ್ಷಗಳ ಮೇಲೆ, 2025ರಲ್ಲಿ, ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತಾಗ ಸಿಕ್ಕಿದ್ದು ಅದೇ ವಿಷ.

ಪರೀಕ್ಷೆಯ ಬಗೆ

ರಕ್ತಕ್ಕೆ ನೇರವಾಗಿ ಹೋಗುವ ದ್ರಾವಣದಲ್ಲಿ ಒಂದೂ ಜೀವಂತ ಸೂಕ್ಷ್ಮಾಣು ಇರಬಾರದು. ಇದನ್ನು ತಿಳಿಯಲು ಮಾದರಿಯನ್ನು ಪೋಷಕ ದ್ರವದಲ್ಲಿ ಹಾಕಿ 14 ದಿನ ಇಟ್ಟು, ಏನಾದರೂ ಬೆಳೆಯುತ್ತದೆಯೇ ಎಂದು ನೋಡುತ್ತಾರೆ. ವಿಜ್ಞಾನ ಓದುವ ಮಕ್ಕಳು ಇನ್ನೊಂದು ವಿಷಯ ಗಮನಿಸಬೇಕು. ಸೂಕ್ಷ್ಮಾಣು ಸತ್ತರೂ ಅದರ ಕವಚದ ಚೂರುಗಳು ದ್ರಾವಣದಲ್ಲಿ ಉಳಿಯುತ್ತವೆ. ಅವನ್ನು ಎಂಡೋಟಾಕ್ಸಿನ್ ಎನ್ನುತ್ತಾರೆ. ಬಾಟಲಿಯನ್ನು ಬಿಸಿಮಾಡಿ ಸೂಕ್ಷ್ಮಾಣುಗಳನ್ನು ಕೊಂದರೂ ಈ ಚೂರುಗಳು ಹೋಗುವುದಿಲ್ಲ. ಹೆಚ್ಚಾದರೆ ಚಳಿಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಅಂಗಗಳು ಸೋಲುತ್ತವೆ. ಇದಕ್ಕೆ ಬೇರೆಯೇ ಪರೀಕ್ಷೆ ಇದೆ.

ಸಾವಿರಾರು ಬಾಟಲಿಗಳಲ್ಲಿ ಕೆಲವನ್ನು ಮಾತ್ರ ಪರೀಕ್ಷಿಸಲು ಸಾಧ್ಯ. ಆ ಕೆಲವು ಚೆನ್ನಾಗಿದ್ದರೆ ಎಲ್ಲವೂ ಚೆನ್ನಾಗಿವೆ ಎಂದು ನೂರಕ್ಕೆ ನೂರು ಹೇಳಲಾಗದು. ಒಂದು ಪ್ರಯೋಗಾಲಯ ಪಾಸು ಎಂದು, ಇನ್ನೊಂದು ಫೇಲು ಎಂದು ಹೇಳಲು ಇದೂ ಒಂದು ಕಾರಣವಾಗಬಹುದು. ಅದಕ್ಕೇ ಕಾರ್ಖಾನೆಯ ನೀರು, ಗಾಳಿ, ಯಂತ್ರ, ಕೆಲಸಗಾರರ ಶುಚಿ ಎಲ್ಲವನ್ನೂ ತಪಾಸಣೆ ಮಾಡಬೇಕಾಗುತ್ತದೆ. ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ತಯಾರಿಕೆಯ ನಿಯಮಗಳನ್ನು, ಅಂದರೆ ಶೆಡ್ಯೂಲ್ ಎಂ ಅನ್ನು, ಬಿಗಿಗೊಳಿಸಿ ಅಧಿಸೂಚನೆ ಹೊರಡಿಸಿದ್ದು ಇದೇ ಉದ್ದೇಶಕ್ಕೆ.

ಈಗ ಕಾನೂನಿನ ಮಾತು. ನಮ್ಮಲ್ಲಿ ಔಷಧಗಳಿಗೆ ಇರುವ ಮೂಲ ಕಾನೂನು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ. ಇದರ ಪ್ರಕಾರ ಕಾರ್ಖಾನೆಗೆ ಲೈಸೆನ್ಸ್ ಕೊಡುವುದು ಕಾರ್ಖಾನೆ ಇರುವ ರಾಜ್ಯ. ಬಂಗಾಳದ ಕಾರ್ಖಾನೆಯ ಲೈಸೆನ್ಸನ್ನು ಕರ್ನಾಟಕ ರದ್ದು ಮಾಡಲಾಗದು. ತನ್ನಲ್ಲಿ ಬಳಕೆ ನಿಲ್ಲಿಸಬಹುದು, ಮೊಕದ್ದಮೆ ಹೂಡಬಹುದು. ರಾಜ್ಯದ ಪ್ರಯೋಗಾಲಯ ಔಷಧ ಫೇಲು ಎಂದು ವರದಿ ಕೊಟ್ಟರೆ, ಅದು ಕೈ ಸೇರಿದ 28 ದಿನಗಳೊಳಗೆ ಕಂಪನಿ ಅದನ್ನು ಪ್ರಶ್ನಿಸಬಹುದು. ಆಗ ಇನ್ನೊಂದು ಮಾದರಿ ಕೊಲ್ಕತ್ತಾದ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದು ಹೇಳಿದ್ದೇ ಕೊನೆಯ ಮಾತು.

ಆರೋಪ ಹೊತ್ತವನಿಗೆ ತನ್ನ ಮಾತು ಹೇಳಲು ಅವಕಾಶ ಇರಲೇಬೇಕು, ಇದು ನ್ಯಾಯ. ಆದರೆ ಎರಡು ಪ್ರಶ್ನೆಗಳನ್ನು ನಾವು ಬೇರೆ ಬೇರೆ ಇಟ್ಟುಕೊಳ್ಳಬೇಕು. ಕಂಪನಿಗೆ ಶಿಕ್ಷೆ ಆಗಬೇಕೋ ಬೇಡವೋ ಎಂಬುದು ಒಂದು. ಇವತ್ತು ರಾತ್ರಿ ವಾರ್ಡಿನಲ್ಲಿ ಈ ಬಾಟಲಿ ಹಚ್ಚಬೇಕೋ ಬೇಡವೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪುರಾವೆ ಬೇಕು, ವಾದ ಬೇಕು, ಕಾಲ ಬೇಕು. ಎರಡನೆಯದಕ್ಕೆ ಅನುಮಾನವೊಂದೇ ಸಾಕು. ಬಾವಿಯ ನೀರಿನಲ್ಲಿ ವಿಷ ಬಿದ್ದಿದೆ ಎಂದು ಊರಲ್ಲಿ ಸುದ್ದಿ ಎದ್ದರೆ, ವಿಷ ಹಾಕಿದವರು ಯಾರೆಂದು ತೀರ್ಮಾನವಾಗುವ ತನಕ ಯಾರೂ ಆ ನೀರು ಸೇದುವುದಿಲ್ಲ. ಪ್ರಯೋಗಾಲಯಗಳು ಒಂದಕ್ಕೊಂದು ಒಪ್ಪದಿದ್ದಾಗ ಲಾಭ ಯಾರಿಗೆ ಸಿಗಬೇಕು? ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಿಗಲಿ. ವಾರ್ಡಿನಲ್ಲಿ ಅದು ರೋಗಿಗೇ ಸಿಗಬೇಕು. ನನ್ನ ಇಂದಿನ ಮಾತಿನ ತಿರುಳು ಇಷ್ಟೇ.

ಇದನ್ನು ಮಾಡಿ ತೋರಿಸಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ತಮಿಳುನಾಡು 1994ರಲ್ಲಿ ತನ್ನ ವೈದ್ಯಕೀಯ ಸೇವಾ ನಿಗಮ ಸ್ಥಾಪಿಸಿತು. ಅಲ್ಲಿ ಕಂಪನಿ ಕಳಿಸಿದ ಔಷಧ ಉಗ್ರಾಣಕ್ಕೆ ಬಂದ ಕೂಡಲೇ ಆಸ್ಪತ್ರೆಗೆ ಹೋಗುವುದಿಲ್ಲ, ಪ್ರತ್ಯೇಕವಾಗಿ ಇಡುತ್ತಾರೆ. ಪ್ರತಿ ಬ್ಯಾಚಿನ ಮಾದರಿಯನ್ನು ಕಂಪನಿಯ ಹೆಸರು ತಿಳಿಯದಂತೆ ಗುರುತು ಸಂಖ್ಯೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪಾಸು ಎಂದು ವರದಿ ಬಂದ ಮೇಲೆಯೇ ಹಂಚಿಕೆ. ಪ್ರತಿ ಆಸ್ಪತ್ರೆಗೂ ಬ್ಯಾಂಕಿನಂತೆ ಒಂದು ಪಾಸ್‌ಬುಕ್ ಇರುತ್ತದೆ. ತನ್ನ ಪಾಲಿನ ಮೊತ್ತದಲ್ಲಿ ತನಗೆ ಬೇಕಾದ ಔಷಧ ಪಡೆಯುತ್ತದೆ. ರಾಜಸ್ಥಾನವೂ 2011ರಲ್ಲಿ ಉಚಿತ ಔಷಧ ಯೋಜನೆ ಆರಂಭಿಸಿದಾಗ ಇಂತಹುದೇ ನಿಗಮ ಮಾಡಿಕೊಂಡಿತು. ಕರ್ನಾಟಕದ ನಿಗಮವೂ ಅದೇ ಜಾತಿಯದು. ನಮ್ಮಲ್ಲಿ ಬೆಂಗಳೂರಿನ ಜೊತೆಗೆ ಹುಬ್ಬಳ್ಳಿಯಲ್ಲಿ ಮತ್ತು ನಮ್ಮ ಬಳ್ಳಾರಿಯಲ್ಲಿಯೂ ಔಷಧ ಪರೀಕ್ಷಾ ಪ್ರಯೋಗಾಲಯವಿದೆ. ಅಂದರೆ ಕಟ್ಟಡ, ಕಾನೂನು, ನಿಗಮ ಎಲ್ಲವೂ ಇದ್ದವು. ಗಟ್ಟಿಯಾಗಿ ಇರಬೇಕಾಗಿದ್ದದ್ದು 'ನಿಲ್ಲಿಸಿ' ಎಂಬ ಒಂದು ಮಾತು.

ಹಂಚುವ ಬಗೆ

ಇನ್ನು ಉಗ್ರಾಣದಿಂದ ಮುಂದಿನ ದಾರಿ. ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು 30 ಕಿ.ಮೀ., ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ. ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಾಗಲಿ, ಕುರುಗೋಡಿನ ಆಸ್ಪತ್ರೆಯಾಗಲಿ, ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಾಗಲಿ ವರ್ಷಕ್ಕೆ ಎಷ್ಟು ಔಷಧ ಬೇಕೆಂದು ಮೊದಲೇ ಬೇಡಿಕೆ ಪಟ್ಟಿ ಕಳಿಸಬೇಕು. ಇದನ್ನು ಇಂಡೆಂಟ್ ಎನ್ನುತ್ತಾರೆ. ಈ ಪಟ್ಟಿ ಬರೆಯುವವರು ಸಾಮಾನ್ಯವಾಗಿ ಫಾರ್ಮಸಿ ಅಧಿಕಾರಿ. ಅವರು ಹಿಂದಿನ ವರ್ಷದ ಖರ್ಚನ್ನು ನೋಡಿ ಲೆಕ್ಕ ಹಾಕುತ್ತಾರೆ.

ಇಲ್ಲೊಂದು ಗುಪ್ತವಾದ ತೊಡಕಿದೆ. ಉದಾಹರಣೆಗೆ ಒಂದು ಕೇಂದ್ರಕ್ಕೆ ತಿಂಗಳಿಗೆ 1,000 ಬಿ.ಪಿ. ಮಾತ್ರೆ ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ 12,000. ಆದರೆ ಸರಬರಾಜು ತಡವಾಗಿ 3 ತಿಂಗಳು ಮಾತ್ರೆಯೇ ಇರಲಿಲ್ಲ. ಖರ್ಚಿನ ಪುಸ್ತಕದಲ್ಲಿ ಕಾಣುವುದು 9,000. ಮುಂದಿನ ವರ್ಷ ಅದನ್ನೇ ನೋಡಿ 9,000 ಕೇಳಿದರೆ, ಸರಬರಾಜು ಸರಿಯಾಗಿ ಬಂದರೂ 3 ತಿಂಗಳ ಕೊರತೆ ಖಚಿತ. ಬರಿಗೈಯಲ್ಲಿ ಮನೆಗೆ ಹೋದ ರೋಗಿ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಆದ್ದರಿಂದ ಬಲ್ಲ ಫಾರ್ಮಸಿ ಅಧಿಕಾರಿ ಕೊಟ್ಟ ಮಾತ್ರೆಯ ಜೊತೆಗೆ ಕೊಡಲಾಗದ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಔಷಧ ಇಲ್ಲದಾಗ ಏನಾಗುತ್ತದೆ ಎಂದು ನಿಮಗೆ ಗೊತ್ತು. ಚೀಟಿ ಬರೆದು 'ಹೊರಗಿಂದ ತಗೊಂಡು ಬರ್ರಿ' ಎನ್ನುತ್ತಾರೆ. ಕೂಲಿಯವನ ಒಂದು ದಿನದ ದುಡಿಮೆ ಅಲ್ಲಿಗೆ ಹೋಯಿತು. ಕೇಂದ್ರದ ಸರಬರಾಜೂ ಇದಕ್ಕೆ ಹೊರತಲ್ಲ. 2024ರ ಮಾರ್ಚ್‌ನಲ್ಲಿ ಕ್ಷಯರೋಗದ ಔಷಧ ಸಾಲದೆ ಬಂದು, 3 ತಿಂಗಳ ಮಟ್ಟಿಗೆ ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದು ಕೇಂದ್ರವೇ ರಾಜ್ಯಗಳಿಗೆ ಬರೆಯಬೇಕಾಯಿತು. ಕ್ಷಯದ ಔಷಧವನ್ನು ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಸ್ಥಳೀಯ ಖರೀದಿಗೆ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಒಂದಷ್ಟು ಹಣ ಇರುತ್ತದೆ. ಆದರೆ ಅವಸರದ ಖರೀದಿಯಲ್ಲಿ ಬೆಲೆ ಹೆಚ್ಚು, ಪರೀಕ್ಷೆ ಕಡಿಮೆ.

ಇಡುವ ಜಾಗದ ಮಾತೂ ಇದೆ. ನಮ್ಮ ಬಳ್ಳಾರಿಯ ಬೇಸಿಗೆ ನಿಮಗೆ ಹೇಳಬೇಕಿಲ್ಲ, 40 ಡಿಗ್ರಿ ದಾಟುತ್ತದೆ. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಲಲ್ಲಿ ನಿಂತ ವ್ಯಾನಿನಲ್ಲಿ, ಕರೆಂಟು ಹೋದ ಕೋಣೆಯಲ್ಲಿ ಬಿದ್ದಿದ್ದರೆ ಅದರ ಶಕ್ತಿ ಕುಂದುತ್ತದೆ. ಕಾರ್ಖಾನೆಯಿಂದ ಚೆನ್ನಾಗಿಯೇ ಬಂದ ಔಷಧ ದಾರಿಯಲ್ಲಿ ಕೆಡಬಹುದು. ಇನ್ನು, ಮೊದಲು ಅವಧಿ ಮುಗಿಯುವ ಔಷಧವನ್ನು ಮೊದಲು ಕೊಡಬೇಕು. ಈ ಸಣ್ಣ ನಿಯಮ ತಪ್ಪಿದರೆ ಲಕ್ಷಗಟ್ಟಲೆ ರೂಪಾಯಿಯ ಔಷಧ ಹೂಳಲು ಹೋಗುತ್ತದೆ.

ಎಲ್ಲಕ್ಕೂ ಮಿಗಿಲಾಗಿ ಬ್ಯಾಚ್ ನಂಬರ್. ಪ್ರತಿ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬ್ಯಾಚ್ ನಂಬರ್, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ಕಾರ್ಖಾನೆಯ ವಿಳಾಸ, ಲೈಸೆನ್ಸ್ ನಂಬರ್ ಇರುತ್ತವೆ. ಒಂದು ಬ್ಯಾಚನ್ನು ನಿಲ್ಲಿಸಬೇಕಾದಾಗ, ಅದು ಯಾವ ಉಗ್ರಾಣದಲ್ಲಿದೆ, ಯಾವ ಆಸ್ಪತ್ರೆಗೆ ಎಷ್ಟು ಹೋಗಿದೆ, ಯಾವ ವಾರ್ಡಿನ ಕಪಾಟಿನಲ್ಲಿದೆ ಎಂದು ತಿಳಿಯಲು ಇದೊಂದೇ ಆಧಾರ. ಕಂಪ್ಯೂಟರಿನಲ್ಲಿ ಉಗ್ರಾಣದವರೆಗೆ ಲೆಕ್ಕ ಸಿಗಬಹುದು. ಯಾವ ರೋಗಿಗೆ ಯಾವ ಬಾಟಲಿ ಹೋಯಿತು ಎಂಬುದು ಕೇಸ್ ಶೀಟಿನಲ್ಲಿ ನರ್ಸ್ ಬರೆದರೆ ಮಾತ್ರ ಸಿಗುತ್ತದೆ. ಬರೆಯದಿದ್ದರೆ ದುರಂತ ನಡೆದ ಮೇಲೆ ಹುಡುಕುವವರ ಕೈಗೆ ಸಿಗುವುದು ಖಾಲಿ ಬಾಟಲಿಗಳ ರಾಶಿ ಮಾತ್ರ.

ಅಮಾನತು ಎಂಬ ಮಾತು

ಮಿತ್ರರೇ, ಒಂದು ಪದದ ವಿಚಾರ ಹೇಳುತ್ತೇನೆ. ಕನ್ನಡ ಪತ್ರಿಕೆಗಳಲ್ಲಿ ಅಧಿಕಾರಿ ಅಮಾನತು ಎಂದು ಓದುತ್ತೇವೆ. ಕೆಲಸದಿಂದ ತಡೆದು ನಿಲ್ಲಿಸಿದ್ದಾರೆ ಎಂದು ಅರ್ಥ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ಕೈಯಲ್ಲಿ ಇಟ್ಟ ವಸ್ತು. ಅದಕ್ಕೆ ಧಕ್ಕೆಯಾಗದಂತೆ ಕಾದು ಹಿಂದಿರುಗಿಸಬೇಕು. ಬಳ್ಳಾರಿಯ ಸಾವುಗಳ ಬಳಿಕ ಒಬ್ಬ ಅಧಿಕಾರಿಯ ಅಮಾನತು ಆಯಿತು. ಆದರೆ ಈ ಸರಪಳಿಯಲ್ಲಿ ಟೆಂಡರ್ ಪರಿಶೀಲಿಸುವವರು, ಮಾದರಿ ತೆಗೆಯುವವರು, ಪರೀಕ್ಷಿಸುವವರು, ಉಗ್ರಾಣ ಕಾಯುವವರು, ಬಾಟಲಿ ಹಚ್ಚುವವರು ಎಲ್ಲರ ಕೈಯಲ್ಲೂ ಆ ತಾಯಂದಿರ ಜೀವ ಅಮಾನತ್ ಆಗಿತ್ತು. ಒಬ್ಬರನ್ನು ಕೆಲಸದಿಂದ ನಿಲ್ಲಿಸಿದರೆ ಸುದ್ದಿ ಮುಗಿಯುತ್ತದೆ, ಸರಪಳಿ ದುರಸ್ತಿಯಾಗುವುದಿಲ್ಲ.

ನಾವು ಮಾಡಬೇಕಾದದ್ದು

ಮೊದಲು ನಮ್ಮ ಸಂಘದ ಸದಸ್ಯರಿಗೆ. ನಿಮ್ಮಲ್ಲಿ ಕೆಲವರಿಗೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ, ಪಂಚಾಯಿತಿಯಲ್ಲಿ, ನಗರಸಭೆಯಲ್ಲಿ ಸ್ಥಾನ ಇರಬಹುದು ಅಥವಾ ಅಲ್ಲಿರುವವರ ಪರಿಚಯ ಇರಬಹುದು. ಸಭೆಯಲ್ಲಿ ಬಣ್ಣ ಬಳಿಯುವ ಖರ್ಚಿನ ಜೊತೆಗೆ ಮೂರು ಪ್ರಶ್ನೆ ಕೇಳಿ. ಕಳೆದ ಮೂರು ತಿಂಗಳಲ್ಲಿ ಯಾವ ಯಾವ ಅಗತ್ಯ ಔಷಧ ಎಷ್ಟು ದಿನ ಇರಲಿಲ್ಲ? ಬಳಕೆ ನಿಲ್ಲಿಸಿ ಎಂದು ಬಂದ ಆದೇಶಗಳು ಎಷ್ಟು, ಬಂದ ದಿನವೇ ವಾರ್ಡಿನಿಂದ ಔಷಧ ತೆಗೆದಿದ್ದಾರೆಯೇ? ಕೇಸ್ ಶೀಟಿನಲ್ಲಿ ಬ್ಯಾಚ್ ನಂಬರ್ ಬರೆಯುತ್ತಿದ್ದಾರೆಯೇ? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, 30 ದಿನಗಳೊಳಗೆ ಉತ್ತರ ಕೊಡಬೇಕು. ಜೀವದ ಪ್ರಶ್ನೆಯಾದರೆ 48 ಗಂಟೆಯೊಳಗೆ. ಜಗಳ ಬೇಡ, ವೈದ್ಯರ ಮೇಲೆ ಕೈ ಮಾಡುವುದಂತೂ ಬೇಡವೇ ಬೇಡ. ವಾರ್ಡಿನ ವೈದ್ಯರು, ನರ್ಸ್ ತಾವು ಹಚ್ಚುವ ಬಾಟಲಿಯ ಒಳಗನ್ನು ನೋಡಲಾರರು, ಅವರೂ ಈ ಸರಪಳಿಯನ್ನು ನಂಬಿದವರೇ.

ಮನೆಯವರಿಗೆ ಒಂದು ಮಾತು. ಸರ್ಕಾರಿ ಆಸ್ಪತ್ರೆ ಬಿಟ್ಟು ಸಾಲ ಮಾಡಿ ಖಾಸಗಿಗೆ ಓಡಿದರೆ ಭಯ ತಪ್ಪುತ್ತದೆ ಎಂದು ತಿಳಿಯಬೇಡಿ. ಖಾಸಗಿಯವರೂ ಕೊಳ್ಳುವುದು ಇಂತಹ ಕಾರ್ಖಾನೆಗಳಿಂದಲೇ. ಹೆರಿಗೆಯನ್ನು ಮನೆಯಲ್ಲೇ ಮಾಡಿಸುತ್ತೇವೆ ಎನ್ನುವುದು ಇನ್ನೂ ದೊಡ್ಡ ಅಪಾಯ. ತಾಯಿ ಕಾರ್ಡನ್ನು ಜೋಪಾನವಾಗಿಡಿ. ಬಾಟಲಿ ಹಚ್ಚಿದ ಮೇಲೆ ಚಳಿ, ನಡುಕ, ಉಸಿರಾಟದ ತೊಂದರೆ ಕಂಡರೆ, ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಕಡಿಮೆಯಾದರೆ ಕೂಡಲೇ ನರ್ಸಿಗೆ ಹೇಳಿ. 'ಸಿಸ್ಟರ್, ಆ ಬಾಟಲಿಯ ನಂಬರ್ ಬರೆದುಕೊಳ್ಳಿ' ಎಂದು ವಿನಯದಿಂದ ಕೇಳಿ. ಔಷಧದಿಂದ ತೊಂದರೆಯಾದರೆ ರೋಗಿಯ ಕಡೆಯವರೂ ದೂರು ದಾಖಲಿಸಲು ಭಾರತೀಯ ಔಷಧಕೋಶ ಆಯೋಗದ ಉಚಿತ ದೂರವಾಣಿ ಇದೆ: 1800-180-3024.

ಕೊನೆಗೆ ವಿದ್ಯಾರ್ಥಿಗಳಿಗೆ. ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಈ ವಿಷಯ ಏಕೆ ಎಂದು ಆರಂಭದಲ್ಲಿ ಪ್ರಶ್ನೆ ಇತ್ತು. ನಮ್ಮ ಮನೆಗಳಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಡಾಕ್ಟರ್ ಆಗು, ಇಲ್ಲವೇ ಇಂಜಿನಿಯರ್ ಆಗು ಎಂದು ಹೇಳುತ್ತೇವೆ. ನೀಟ್ ಪರೀಕ್ಷೆಯಲ್ಲಿ ರ‍್ಯಾಂಕ್ ಬರದಿದ್ದರೆ ಜೀವನವೇ ಮುಗಿಯಿತು ಎಂದು ಕೂರುತ್ತಾರೆ. ಆದರೆ ಇವತ್ತು ನಾನು ಹೇಳಿದ ಸರಪಳಿಯನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಫಾರ್ಮಸಿ ಪದವಿ ಮಾಡಿದವರು ಔಷಧ ಪರಿವೀಕ್ಷಕರಾಗಬಹುದು. ಕಾರ್ಖಾನೆಯ ಬಾಗಿಲು ತಟ್ಟಿ ಒಳಗೆ ಹೋಗಿ ಮಾದರಿ ತೆಗೆಯುವ ಅಧಿಕಾರ ಅವರಿಗಿದೆ. ಸೂಕ್ಷ್ಮಜೀವಶಾಸ್ತ್ರ, ರಸಾಯನಶಾಸ್ತ್ರ ಓದಿದವರಿಗೆ ಔಷಧ ಪ್ರಯೋಗಾಲಯಗಳಲ್ಲಿ ಕೆಲಸವಿದೆ. ಡಿ.ಫಾರ್ಮ ಮಾಡಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತು ಸರಿಯಾದ ಇಂಡೆಂಟ್ ಬರೆದರೆ ಒಂದು ಹೋಬಳಿಯ ಬಿ.ಪಿ., ಸಕ್ಕರೆ ರೋಗಿಗಳು ವರ್ಷವಿಡೀ ನೆಮ್ಮದಿಯಿಂದಿರುತ್ತಾರೆ. ವಾಣಿಜ್ಯ ಓದಿದವರು ಟೆಂಡರ್ ಓದಬಲ್ಲರು, ಕಾನೂನು ಓದಿದವರು ಔಷಧ ಕಾಯ್ದೆಯ ಮೊಕದ್ದಮೆ ನಡೆಸಬಲ್ಲರು. ನರ್ಸಿಂಗ್ ಓದುವ ಹೆಣ್ಣುಮಕ್ಕಳೇ, ಬಾಟಲಿ ಹಚ್ಚುವ ಮುನ್ನ ಬೆಳಕಿಗೆ ಹಿಡಿದು ನೋಡುವವರು, ಬ್ಯಾಚ್ ನಂಬರ್ ಬರೆಯುವವರು, ಏನೋ ಸರಿಯಿಲ್ಲ ಎಂದು ಮೊದಲು ಹೇಳಬಲ್ಲವರು ನೀವೇ.

ಈ ಕೆಲಸಗಳಿಗೆ ಯಾರೂ ಹಾರ ಹಾಕುವುದಿಲ್ಲ. ಡಾಕ್ಟರಿಗೆ ಸಿಗುವ ಗೌರವ ಲ್ಯಾಬಿನವನಿಗೆ ಸಿಗುವುದಿಲ್ಲ. ಲ್ಯಾಬಿನಲ್ಲಿ ಕುಳಿತು ಒಂದು ಬ್ಯಾಚಿನ ಮೇಲೆ ಫೇಲು ಎಂದು ಬರೆದು, ಒತ್ತಡ ಬಂದರೂ ಅದನ್ನು ತಿದ್ದದವನಿಂದ ಎಷ್ಟು ಜೀವ ಉಳಿಯಿತು ಎಂದು ಅವನಿಗೂ ತಿಳಿಯುವುದಿಲ್ಲ. ಆದರೂ ಆ ಕುರ್ಚಿಗಳಲ್ಲಿ ಓದಿದವರು, ಹೆದರದವರು, ಕೈ ಶುದ್ಧವಿರುವವರು ಕೂರಬೇಕು. ಸಿರುಗುಪ್ಪದಿಂದ, ಕುರುಗೋಡಿನಿಂದ, ಬಳ್ಳಾರಿಯ ಗಲ್ಲಿಗಳಿಂದ ಅಂತಹ ನಾಲ್ಕು ಮಕ್ಕಳು ಹೊರಟರೂ ಈ ಸಂಘದ ಶ್ರಮ ಸಾರ್ಥಕ.

ಇಲ್ಲಿಂದ ಮನೆಗೆ ಹೋದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿ ಅಜ್ಜಿಯ ಬಿ.ಪಿ. ಮಾತ್ರೆಯ ಹಾಳೆ ಇರುತ್ತದೆ. ಅದರ ಹಿಂಬದಿಯ ಸಣ್ಣಕ್ಷರವನ್ನು ಓದಿ. ಎಲ್ಲಿ ತಯಾರಾಯಿತು, ಬ್ಯಾಚ್ ಯಾವುದು, ಅವಧಿ ಯಾವಾಗ ಮುಗಿಯುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದಿನ ತಿಂಗಳ ಹಾಳೆ ಬಂದಾಗಲೂ ಬರೆಯಿರಿ.